ಜಾಕಿಗೆ ಕುಂಕುಮ ಇಟ್ಟ ದಿನ

ಸಂಜೀವಪ್ಪ ಗದರಿಸಿದರೆ ಸಾಕು, ಮಧುರೆ ಹೋಬಳಿಯಲ್ಲಿ ಕೆಟ್ಟು ಕೂತ ಪಂಪ್‌ಸೆಟ್ಟು ಎದ್ದು ನೀರು ಕಕ್ಕುತ್ತಿತ್ತು. ಆ ನೀರಿಗೇ ಮೂರು ಕೆರೆ ಕೋಡಿ ಬಿದ್ದವು ಅಂದರೆ ನೋಡಿ. ಇಂಥವನನ್ನು ರೇಷ್ಮೆ ಮಿಲ್ಲಿನ ಸಾಹುಕಾರರು ತಮ್ಮ ನಾಲ್ಕು ಸೀಟಿನ ವಿಮಾನಕ್ಕೆ ಮೆಕ್ಯಾನಿಕ್ ಮಾಡಿಕೊಂಡದ್ದರಲ್ಲಿ ಆಶ್ಚರ್ಯವೇನು? ದೇವನಹಳ್ಳಿ ಆಚೆಯ ಬಯಲಲ್ಲೊಂದು ತಗಡಿನ ಷೆಡ್ಡು, ಅದರ ಮುಂದೆ ಮಣ್ಣಿನ ರನ್‌ವೇ. ಅವನ ಸಾಮ್ರಾಜ್ಯ ಅಷ್ಟೇ, ಆದರೆ ಜಂಬ ಲಂಡನ್ನಿನವರೆಗೂ.

ಎಪ್ಪತ್ತೊಂದರ ಆಯುಧಪೂಜೆಯ ಹಿಂದಿನ ಸಂಜೆ ವಿಮಾನದ ಎಡಗಾಲಿಗೆ ಹೊಸ ಬೋಲ್ಟು ಹಾಕಿ ಮುಗಿಸಿದ. ಹಾರಿದ ಕೂಡಲೇ ಚಕ್ರಗಳು ಕೊಕ್ಕರೆ ಕಾಲು ಮಡಿಸಿದ ಹಾಗೆ ಒಳಕ್ಕೆ ಹೋಗುವ ವಿಮಾನ ಅದು. ಕಾಲು ಬಿಚ್ಚಿ ಜೋಡಿಸಿದ ಮೇಲೆ ವಿಮಾನವನ್ನು ಜಾಕುಗಳ ಮೇಲೆ ಎತ್ತಿ ನಿಲ್ಲಿಸಿ, ಚಕ್ರ ನಾಲ್ಕಾರು ಸಲ ಮಡಿಸಿ ಬಿಡಿಸಿ ನೋಡಲೇಬೇಕು ಅಂತ ಪುಸ್ತಕದಲ್ಲಿ ದಪ್ಪಕ್ಷರದಲ್ಲಿತ್ತು. ಕತ್ತಲಾಗಿತ್ತು. ಬೆಳಿಗ್ಗೆ ನೋಡಿದರಾಯ್ತು ಅಂದುಕೊಂಡ.

ಬೆಳಿಗ್ಗೆ ಬಂದರೆ, ಸ್ಟೋರ್ಸು ನೋಡಿಕೊಳ್ಳುವ ಮುನಿರಾಮಯ್ಯ ಮೂರು ಜಾಕನ್ನೂ ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನಲ್ಲಿ ಮುಳುಗಿಸಿಬಿಟ್ಟಿದ್ದ.

"ಮುನಿರಾಮಣ್ಣ, ಜಾಕು ಬೇಕಿತ್ತು. ಅರ್ಧ ಗಂಟೆ ಸಾಕು."

"ಪೂಜೆಗಿಟ್ಟಿರೋ ಆಯುಧ ಮುಟ್ತೀಯೇನೋ? ನಾಳೆ ತಗೋ."

"ಹಂಗಾದ್ರೆ ವಿಮಾನನೂ ನಾಳೆನೇ ಹಾರ್ಲಿ."

"ಪೂಜೆ ಆದ ಗಾಡಿ ಒಂದು ಸುತ್ತು ಹೋಗ್ಲೇಬೇಕು ಕಣಯ್ಯ! ಎತ್ತಿನ ಗಾಡಿನೇ ಹೋಗ್ತದೆ, ಇದು ನಿಂಬೆಹಣ್ಣು ತುಳ್ದು ಸುಮ್ನೆ ನಿಂತ್ರೆ ಅಪಶಕುನ ಅಲ್ವಾ? ನೀನು ಮಾಡಿದ ರಿಪೇರಿಗೂ ಪರೀಕ್ಷೆನಾ? ಬ್ರಹ್ಮನೇ ಬಂದ್ರೂ ಬಾಯ್ ಮುಚ್ಕೊಂಡು ಸೈನ್ ಹಾಕ್ತಾನೆ!"

ಹೊಗಳಿಕೆ ಅಂದರೆ ಸಂಜೀವಪ್ಪನಿಗೆ ತುಪ್ಪ ಸುರಿದ ಒಬ್ಬಟ್ಟು. ನುಂಗಿದ. ಚಕ್ರ ಸರಿಯಿದೆ ಅಂತ ಬ್ರಹ್ಮನ ಬದಲು ತಾನೇ ಸೈನ್ ಹಾಕಿದ.

ಪೈಲಟ್ ವೆಂಕಟರಾಯಪ್ಪ ಹೊಸಕೋಟೆಯವನು. ಮೀಸೆ ತಿರುವಿದರೆ ಮೋಡ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಅವತ್ತು ಹೆಂಡತಿ ರುಕ್ಮಿಣಮ್ಮನನ್ನೂ ಪೂಜೆಗೆ ಕರೆತಂದಿದ್ದ. ಒಂದೇ ಸುತ್ತಲ್ಲವೇ ಅಂತ ಪೆಟ್ರೋಲು ಅರ್ಧ ಗಂಟೆಗಾಗುವಷ್ಟೇ ಹಾಕಿಸಿಕೊಂಡ. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ವಿಮಾನ ಎದ್ದಿತು, ಚಕ್ರಗಳು ಒಳಗೆ ಹೋದವು. ಸಂಜೀವಪ್ಪ ತಟ್ಟಿದ ಚಪ್ಪಾಳೆಗೆ ನಂದಿಬೆಟ್ಟದ ಕೋತಿಗಳೆಲ್ಲ ಬೆಚ್ಚಿಬಿದ್ದವು.

ಸುತ್ತು ಮುಗಿಸಿ ಬಂದಾಗ ಬಲಗಾಲು ನೆಟ್ಟಗೆ ಇಳಿಯಿತು. ಎಡಗಾಲು ಒಂದು ಗೇಣು ಇಳಿದು ನಿಂತುಬಿಟ್ಟಿತು.

ನೋಡಿದ ಕ್ಷಣವೇ ಸಂಜೀವಪ್ಪನಿಗೆ ತಿಳಿಯಿತು. ಒಳಕ್ಕಿರಬೇಕಾದ ಬೋಲ್ಟಿನ ತಲೆಯನ್ನು ಹೊರಕ್ಕೆ ಮಾಡಿ ಕೂರಿಸಿದ್ದ. ನೆಲದ ಮೇಲೆ ನಿಂತಿದ್ದಾಗ ಅದರಿಂದ ಏನೂ ಇಲ್ಲ. ಕಾಲು ಮಡಿಸಿದರೆ ಪಕ್ಕದ ಪಟ್ಟಿಗೆ ಕಚ್ಚಿಕೊಳ್ಳುತ್ತದೆ. ಜಾಕಿನ ಮೇಲೆ ಎತ್ತಿದ್ದರೆ ಮೊದಲನೇ ಸಲಕ್ಕೇ ಗೊತ್ತಾಗುತ್ತಿತ್ತು.

ಷೆಡ್ಡಿನಲ್ಲಿ ರೇಡಿಯೋ ಇತ್ತು, ಆದರೆ ಸಿಲೋನಿನ ಹಾಡು ಕೇಳುವಂಥದ್ದು. ಮೇಲಿದ್ದವನಿಗೆ ಏನಾದರೂ ಹೇಳುವ ದಾರಿಯೇ ಇರಲಿಲ್ಲ. ಹೇಳುವುದಾದರೂ ಏನಿತ್ತು?

"ಸಂಜೀವಣ್ಣ, ಯಾಕೆ ಇಳೀತಿಲ್ಲ ಇವ್ರು?" ಆರತಿ ತಟ್ಟೆ ಹಿಡಿದೇ ರುಕ್ಮಿಣಮ್ಮ ಕೇಳಿದಳು. "ನಾನಿದ್ದೀನಿ ಅಂತ ಆಟ ತೋರಿಸ್ತಾವ್ರಾ?"

"ಎಡಗಾಲು ಬರ್ತಿಲ್ಲ ತಾಯಿ."

"ನೀವೇ ತಾನೆ ರಿಪೇರಿ ಮಾಡಿದ್ದು? ಏನಾದ್ರೂ ಮಾಡಿ."

ಏನು ಮಾಡುತ್ತಾನೆ? ಅಂಗಿ ಬಿಚ್ಚಿ ಬೀಸಿದ. ಬೀಸುತ್ತಾ ರನ್‌ವೇಯ ತುದಿಯವರೆಗೂ ಓಡಿ, ಹಾಗೇ ವಾಪಸ್ಸು ಬಂದ. ವೆಂಕಟರಾಯಪ್ಪ ರೆಕ್ಕೆ ಅಲ್ಲಾಡಿಸಿದ, ಕಾಲು ಉದುರಲಿ ಅಂತ ಮೇಲಕ್ಕೇರಿ ಧಡಕ್ಕನೆ ಕೆಳಕ್ಕೆ ಎರಗಿದ. ಕಾಲು ಜಗ್ಗಲಿಲ್ಲ. ಮುನಿರಾಮಯ್ಯ ಮತ್ತೆ ಮತ್ತೆ ಕರ್ಪೂರ ಹಚ್ಚಿದ. ಏಳು ಸುತ್ತು ಹೊಡೆಯಿತು ವಿಮಾನ. ಎಂಟನೆಯದಕ್ಕೆ ಇಂಜಿನ್ನು ಕೆಮ್ಮಿತು.

ಬಲಗಾಲಿನ ಮೇಲೆ ಇಳಿಯಿತು. ಸ್ವಲ್ಪ ದೂರ ಒಂಟಿಗಾಲಲ್ಲೇ ಓಡಿತು. ಆಮೇಲೆ ಎಡರೆಕ್ಕೆ ನೆಲ ಮುಟ್ಟಿ, ವಿಮಾನ ಗಿರ್ರನೆ ತಿರುಗಿ ಪಕ್ಕದ ರಾಗಿ ಹೊಲಕ್ಕೆ ನುಗ್ಗಿತು.

ನಾಲ್ಕು ಜನ ಸೇರಿ ವೆಂಕಟರಾಯಪ್ಪನನ್ನು ಎಳೆದು ಜೀಪಿನಲ್ಲಿ ಮಲಗಿಸಿದರು. ಉಸಿರಿತ್ತು. ಸೊಂಟದಿಂದ ಕೆಳಗೆ ಏನೂ ಅಲ್ಲಾಡುತ್ತಿರಲಿಲ್ಲ.

ಸಂಜೀವಪ್ಪ ಹತ್ತಿರ ಹೋಗಿ ಬಾಯಿ ತೆರೆದ. ವೆಂಕಟರಾಯಪ್ಪನೇ ಮೊದಲು ಮಾತಾಡಿದ.

"ನಂದೇ ತಪ್ಪು ಸಂಜೀವ. ಚಕ್ರ ಮಡಿಸೋವಾಗ ಏನೋ ಆತುರ ಮಾಡ್ಬಿಟ್ಟೆ ಅನ್ಸುತ್ತೆ. ಸಾಹುಕಾರ್ರು ನಿನ್ನ ಬೈಯದ ಹಾಗೆ ಹೇಳ್ತೀನಿ ಬಿಡು."

ಜೀಪು ಹೊರಟಿತು. "ಸಾರ್, ನಾನು ಸಾರ್, ಬೋಲ್ಟು ಉಲ್ಟಾ ಹಾಕ್ಬಿಟ್ಟೆ!" ಸಂಜೀವಪ್ಪ ಹಿಂದೆಯೇ ಓಡಿದ. ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ರುಕ್ಮಿಣಮ್ಮ, ಸಂಜೀವಪ್ಪ ತಾನೂ ಆಸ್ಪತ್ರೆಗೆ ಬರುತ್ತೇನೆ ಅನ್ನುತ್ತಿದ್ದಾನೆ ಅಂದುಕೊಂಡು, ಜಾಗ ಇಲ್ಲ ಅಂತ ಕೈ ಅಲ್ಲಾಡಿಸಿದಳು.