ಮೂವತ್ತನ್ನು ಅಳಿಸಿದವರು

ತಪ್ಪೊಪ್ಪಿಗೆ ಪತ್ರ ಮೊದಲೇ ಟೈಪಾಗಿ ಬಂದಿತ್ತು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ, ಸಹಿಗೆ ಜಾಗ ಮಾತ್ರ ರೆಡಿ! ಓದುತ್ತಿದ್ದಂತೆ ವೈರಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯ ಫೋನು, ಕಂಪ್ಯೂಟರುಗಳ ಜಾಲ ನೋಡಿಕೊಳ್ಳುವ ಅವಳಿಗೆ ಆ ಹೆಸರಿಟ್ಟವರು ನರ್ಸುಗಳು. ಹಳೇ ಫೋನುಗಳನ್ನು ಕಿತ್ತು ಇಂಟರ್ನೆಟ್ ಫೋನು ತಂದಾಗ, ಹೊರಗಿನ ಕರೆಗಳನ್ನು ವಾರ್ಡುಗಳಿಗೆ ಹಂಚುವ ಪೆಟ್ಟಿಗೆಯನ್ನು ಹೊಂದಿಸಿದ್ದು ಅವಳೇ. ಒಂದೇ ಕೇಬಲ್ಲಿನಲ್ಲಿ ಎರಡು ದಾರಿ, ವಿ-ಲ್ಯಾನ್ ಅನ್ನುತ್ತಾರೆ. ಕಂಪ್ಯೂಟರುಗಳಿಗೆ ಹತ್ತನೇ ನಂಬರು, ಮಾತಿಗೆ ಮೂವತ್ತು. ಎಕ್ಸ್‌ರೇ ಚಿತ್ರಗಳು ಎಷ್ಟೇ ನುಗ್ಗಿದರೂ ಮಾತು ತುಂಡಾಗಬಾರದು ಎಂದು ಮೂರು ದಿನ ಕೂತು ಕೇಬಲ್ಲು ಸಿಕ್ಕಿಸುವ ಒಂದೊಂದು ಪೋರ್ಟನ್ನೂ ಪರೀಕ್ಷಿಸಿದ್ದಳು.

ಸೋಮವಾರ ಬೆಳಿಗ್ಗೆ ಯಾರೋ ಆ ಪೆಟ್ಟಿಗೆಯಲ್ಲಿ ಮೂವತ್ತನ್ನು ಅಳಿಸಿ ಹತ್ತು ಬರೆದರು. ಫೋನುಗಳು ಒಂದು ದಾರಿಯಲ್ಲಿ, ಪೆಟ್ಟಿಗೆ ಇನ್ನೊಂದರಲ್ಲಿ. ನಲವತ್ತು ನಿಮಿಷ ತುರ್ತು ವಾರ್ಡಿನಲ್ಲಿ ಒಂದೂ ಫೋನು ರಿಂಗಾಗಲಿಲ್ಲ. ಅದೇ ಹೊತ್ತಿಗೆ ಆಂಬುಲೆನ್ಸಿನಲ್ಲಿ ಉಸಿರು ಸಿಕ್ಕದ ಮಗುವೊಂದು ಬರುತ್ತಿತ್ತು. ಮಗು ಬದುಕಿತು, ಫೋನಿನ ಪುಣ್ಯದಿಂದಲ್ಲ.

"ಪೆಟ್ಟಿಗೆಯ ದಾಖಲೆಯಲ್ಲಿ ನಿನ್ನ ಹೆಸರೇ ಇದೆಯಲ್ಲಮ್ಮ," ಎಂದರು ಆಡಳಿತಾಧಿಕಾರಿ ಸಾಹೇಬರು, ಬಲು ಮೃದುವಾಗಿ.

ಇರದೆ ಏನು! ಈ ಆಸ್ಪತ್ರೆಯಲ್ಲಿ ಆ ಪೆಟ್ಟಿಗೆಯನ್ನು ಯಾರು ಮುಟ್ಟಿದರೂ ಅವಳ ಹೆಸರಿನಲ್ಲೇ ಮುಟ್ಟುವುದು. ಅವಳ ಪಾಸ್‌ವರ್ಡ್ ಬರೆದ ಚೀಟಿಯನ್ನು ಪೆಟ್ಟಿಗೆಯ ನೆತ್ತಿಗೆ ಅಂಟಿಸಿದವರು ಇದೇ ಸಾಹೇಬರು. ನೀನು ರಜೆ ಹಾಕಿದರೆ ಕೆಲಸ ನಿಲ್ಲಬಾರದಲ್ಲ ಎಂದಿದ್ದರು. ಬೇಡ ಸಾರ್ ಎಂದು ಅವಳು ಎರಡು ಸಲ ಬರೆದುಕೊಟ್ಟಿದ್ದಳು. ಆ ಕಾಗದಗಳು ಯಾವ ಕಡತದ ಹೊಟ್ಟೆ ಸೇರಿದವೋ.

"ಆಗ ನಾನು ಎರಡನೇ ಮಹಡೀಲಿ ಏಣಿ ಹತ್ತಿದ್ದೆ ಸಾರ್."

"ನೋಡಿದವರು ಯಾರಿದ್ದಾರೆ?"

ಮೇಜಿನ ತುದಿಯಲ್ಲಿ ಫೋನ್ ಆಪರೇಟರ್ ಕೂತಿದ್ದಳು. ಅವಳು ವೈರಕ್ಕನ ಅಣ್ಣನ ಹೆಂಡತಿ. ಇಬ್ಬರದೂ ಒಂದೇ ಮನೆ, ಒಂದೇ ಬಸ್ಸು. ಪೆಟ್ಟಿಗೆ ಇರುವುದು ಅತ್ತಿಗೆಯ ಕುರ್ಚಿಯ ಪಕ್ಕದಲ್ಲೇ. ಅವಳ ಕಣ್ಣು ತಪ್ಪಿಸಿ ಅಲ್ಲಿಗೆ ಯಾರೂ ಹೋಗುವಂತಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಯಾರು ಮುಟ್ಟಿದ್ದು ಎಂದು ವೈರಕ್ಕ ನೇರವಾಗಿಯೇ ಕೇಳಿದ್ದಳು. "ತಪ್ಪು ಒಪ್ಪಿಕೊಂಡುಬಿಡೇ, ಒಂದು ವರ್ಷ ಬಡ್ತಿ ಹೋಗುತ್ತೆ ಅಷ್ಟೇ ತಾನೆ," ಎಂದು ಅತ್ತಿಗೆ ತಟ್ಟೆ ಎತ್ತಿಕೊಂಡು ಎದ್ದುಹೋಗಿದ್ದಳು. ಯಾರನ್ನೋ ನೋಡಿದ್ದಾಳೆ ಅನ್ನುವುದು ಅಲ್ಲಿಗೇ ಖಾತ್ರಿಯಾಗಿತ್ತು. ಈಗಲೂ ಅವಳು ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು. ಪರರು ಗೂಬೆ ಕೂರಿಸಿದರೆ ತಡೆದುಕೊಳ್ಳಬಹುದು, ಮನೆಯವರೇ ಬಾಯಿಗೆ ಬೀಗ ಹಾಕಿಕೊಂಡರೆ ಹೇಗೆ?

ಗೋಡೆಗೆ ಒರಗಿ ನಿಂತಿದ್ದ ಆಂಬುಲೆನ್ಸ್ ಡ್ರೈವರ್ ಮುಂದೆ ಬಂದ. ಅವನು ಬೈದಿದ್ದರೂ ಚೆನ್ನಾಗಿತ್ತು.

"ಏಳು ಸಲ ಫೋನ್ ಮಾಡ್ದೆ ಅಕ್ಕ," ಎಂದ. "ಆ ತಾಯಿ ಹಿಂದಿಂದ ಕೇಳ್ತಾನೇ ಇದ್ರು, ಎತ್ತಿದ್ರಾ, ಎತ್ತಿದ್ರಾ ಅಂತ. ಕೊನೆಗೆ ನಾನು ಸುಳ್ಳು ಹೇಳ್ದೆ, ಎತ್ತಿದ್ರಮ್ಮ, ಬಾಗಿಲಲ್ಲೇ ಕಾಯ್ತಿದ್ದಾರೆ ಅಂತ. ಬಂದು ನೋಡಿದ್ರೆ ಬಾಗಿಲಲ್ಲಿ ಯಾರೂ ಇಲ್ಲ. ನೀವು ಹೀಗೆ ಮಾಡಬಾರದಿತ್ತು."

ಸಾಹೇಬರು ಹೇಳಿದ್ದನ್ನು ಇವನು ನಂಬಿಬಿಟ್ಟಿದ್ದ. ಸಿಟ್ಟಿಗೆ ವೈರಕ್ಕನ ಕಣ್ಣು ತುಂಬಿ ಬಂತು.

ಕುರ್ಚಿ ಕಿರ್ರೆಂದಿತು.

"ಅವಳಲ್ಲ," ಎಂದಳು ಅತ್ತಿಗೆ. ಎದ್ದು ನಿಂತಿದ್ದಳು. "ಸಾಹೇಬರೇ ಬಂದಿದ್ರು. ಅವರ ವಿಡಿಯೋ ಮೀಟಿಂಗು ತಡವರಿಸ್ತಿತ್ತಂತೆ. ಗಂಟೆಗೆ ಮೂರು ಸಲ ಬಡ್ಕೊಳ್ಳೋ ಫೋನಿಗೆ ಬೇರೆ ದಾರಿ ಯಾಕೆ ಅಂದ್ರು. ಚೀಟಿ ನೋಡ್ಕೊಂಡು ಅವರೇ ಹತ್ತು ಒತ್ತಿದ್ದು. ನಾನೇ ಎದ್ದು ಕುರ್ಚಿ ಬಿಟ್ಟುಕೊಟ್ಟೆ."

"ಯೋಚನೆ ಮಾಡಿ ಮಾತಾಡಮ್ಮ. ನಿನಗೆ ಕೆಲಸ ಬೇಕೋ ಬೇಡವೋ?"

"ಬೇಕು ಸಾರ್. ಅದಕ್ಕೇ ನಾಲ್ಕು ದಿನದಿಂದ ಬಾಯಿ ಮುಚ್ಕೊಂಡಿದ್ದೆ. ಊಟ ಇಳೀತಿಲ್ಲ."

ಡ್ರೈವರ್ ವೈರಕ್ಕನ ಮುಂದಿದ್ದ ಪತ್ರವನ್ನು ಎತ್ತಿ ಸಾಹೇಬರ ಎದುರಿಗಿಟ್ಟ, ಮೇಲೆ ಪೆನ್ನನ್ನೂ ಇಟ್ಟ.

"ಹೆಸರೊಂದು ತಿದ್ದಿದರೆ ಸಾಕು ಸಾರ್," ಎಂದ. "ಮಿಕ್ಕಿದ್ದೆಲ್ಲ ನೀವೇ ಸರಿಯಾಗಿ ಬರೆಸಿದ್ದೀರಿ."