ಹೆಸರಿಲ್ಲದ ಮುತ್ಯಾನ ಎಡೆ

ಶಹಾಬಾದದ ಕಲ್ಲು ಪದರ ಪದರ. ಏಳು ಪದರದ ಕೆಳಗೊಂದು ಪಟ್ಟಣ, ಪಟ್ಟಣಕ್ಕೊಬ್ಬ ರಾಜ. ಖಣಿಗಿಳಿದ ಮುತ್ಯಾನನ್ನು ಆ ರಾಜ ಬಾಗಿಲು ಕಾಯಲಿಕ್ಕೆ ಇಟ್ಟುಕೊಂಡ, ಮೇಲೆ ಬಿಡಲೇ ಇಲ್ಲ. ಅವ್ವನ ತಾಯಿ, ಆಯಿ ಅನಸುಬಾಯಿಯ ಈ ಕಥೆ ಕೇಳುತ್ತಲೇ ಕರುಣಾ ಬೆಳೆದಳು. ವಾಡಿಯ ಮನೆಯ ಫರಸಿಗಲ್ಲಿನ ನೆಲಕ್ಕೆ ಕಿವಿ ಹಚ್ಚಿ ಮಲಗಿದರೆ ಅವಳಿಗೆ ಆ ಅಜ್ಜ ಕೆಮ್ಮಿದ್ದು ಕೇಳಿಸುತ್ತಿತ್ತು.

ಮಾನಮಿ ಅಮಾಸಿಗೆ ಮಾತ್ರ ಆಯಿ ಬೇರೆಯೇ ಹೆಂಗಸು. ತೀರಿಹೋದ ಹಿರಿಯರಿಗೆಲ್ಲ ಹೆಸರು ಕರೆದು ಎಡೆ ಇಡುವಳು. ಮುತ್ಯಾನ ಎಡೆ ಹೆಸರಿಲ್ಲದೆ, ದೂರದ ಮೂಲೆಗೆ. ಉಳಿದ ಎಡೆಗಳನ್ನು ಮನೆಮಂದಿ ಹಂಚಿಕೊಂಡು ಉಣ್ಣಬೇಕು, ಅದೊಂದನ್ನು ಯಾರೂ ಮುಟ್ಟುವಂತಿಲ್ಲ. ಅದನ್ನೊಯ್ದು ಹಾಳು ಖಣಿಯೊಳಗೆ ಚೆಲ್ಲಿ ಬರುವಳು.

ಆಯಿ ತೀರಿದ ಮೇಲೆ ಎಡೆ ಇಡುವ ಕೆಲಸ ಅವ್ವ ಜಯಮಾಲಾಳ ಪಾಲಿಗೆ ಬಂತು.

"ಹೆಸರ ಗೊತ್ತಿಲ್ದ ಏನಂತ ಕರೀಲವ್ವಾ? ಓಣ್ಯಾಗ ಇನ್ನೂ ನನಗ ಖಣ್ಯಾಗ ಸಿಕ್ಕಾಕಿ ಅಂತಾರ. ನಾ ಸಾಯೋದ್ರಾಗ ನಮ್ಮಪ್ಪನ ಹೆಸರೊಂದು ಹುಡುಕಿ ಕೊಡು."

ಕರುಣಾ ಡಿಎನ್ಎ ಪರೀಕ್ಷೆಯ ಡಬ್ಬಿ ತರಿಸಿದಳು. ಅವ್ವ ಅದರೊಳಗೆ ಉಗುಳಿದಳು. ಆಯಿಯ ತಮ್ಮನ ಮಗ ದೇವಿಂದ್ರಮಾಮಾನೂ ಉಗುಳಿದ.

"ಇಷ್ಟ ದಿನ ಗೋಡಿಗಿ ಉಗುಳಿದ್ದು ದಂಡ ಆಯ್ತಲ್ಲೇ!" ಅಂತ ನಕ್ಕ.

ಫಲಿತಾಂಶ ಬಂದಾಗ ಯಾರೂ ನಗಲಿಲ್ಲ. ಅವ್ವನಿಗೆ ಮಲಅಣ್ಣನ ಮಗ ಆಗುವಷ್ಟು ಹತ್ತಿರದವನೊಬ್ಬ ಸಿಕ್ಕಿದ್ದ, ಚಿಂಚೋಳಿಯ ಅರುಣಕುಮಾರ. ಅವನಿಗೂ ದೇವಿಂದ್ರನಿಗೂ ಎಳ್ಳಷ್ಟೂ ಹೊಂದಲಿಲ್ಲ. ಅಂದಮೇಲೆ ಈ ನಂಟು ಆಯಿಯ ಕಡೆಯದಲ್ಲ, ಮುತ್ಯಾನ ಕಡೆಯದು. ಕರುಣಾ ಅವನಿಗೆ ಫೋನ್ ಹಚ್ಚಿ ಅವನ ಹಿರಿಯರನ್ನು ವಿಚಾರಿಸಿದಳು.

"ನಮ್ಮ ಮುತ್ಯಾ ಕಲ್ಯಾಣಪ್ಪ ಅಂತ್ರಿ. ಮೊದಲ ಶಹಾಬಾದದಾಗ ಖಣಿ ಇತ್ತು ಅವರದು. ಅವರಿಗಿ ಅಣ್ಣತಮ್ಮರು ಯಾರೂ ಇಲ್ಲ."

"ಯಾವಾಗ ತೀರಿಕೊಂಡ್ರು?"

ಅವನು ನಕ್ಕ. "ಎಲ್ಲಿ ತೀರಿಕೊಂಡಾರ್ರೀ! ಹಾಸಿಗಿ ಹಿಡದು ಭಾಳ ವರ್ಷ ಆತು. ಮೈಯೆಲ್ಲ ಹುಣ್ಣು. ಜೀವಾ ಹೋಗವಲ್ದು."

ಹೆಸರು ಕೇಳಿ ದೇವಿಂದ್ರಮಾಮಾ ತಲೆ ತಗ್ಗಿಸಿದ.

"ನಿಮ್ಮಾಯಿ ಕಲ್ಲ ಹೊರತಿದ್ದದ್ದು ಅವನ ಖಣ್ಯಾಗೇ. ಒಂದ ಸಂಜಿ ತಡಾಗಿ ಬಂದ್ಳಂತ, ತಲಿತುಂಬ ಕಲ್ಲಿನ ಪುಡಿ, ಸೀರಿ ಹರದಿತ್ತಂತ. ಯಾರಂವ ಅಂತ ನಮ್ಮಪ್ಪ ಕೇಳಿದ್ರ 'ಅಂವ ಸತ್ತ' ಅಂದ್ಳು. ಮದಿವಿ ಆಗಲಾರದಾಕಿ, ತಾನೇ ಬಳಿ ಒಡಕೊಂಡ್ಳು."

ಕರುಣಾ ಫರಸಿಗೆ ಕಿವಿ ಹಚ್ಚಿದಳು. ಕೆಳಗೆ ಪಟ್ಟಣವಿರಲಿಲ್ಲ, ರಾಜನಿರಲಿಲ್ಲ. ಬದುಕಿದ್ದವರಿಗೆ ಎಡೆ ಇಟ್ಟರೆ ಆಯುಷ್ಯ ಮುರಿಯುತ್ತದೆ, ಮರೆತೂ ಇಡಬಾರದು ಅಂತ ಕಲಿಸಿದವಳೇ ಆಯಿ. ಗೊತ್ತಿದ್ದೇ ಇಟ್ಟಿದ್ದಳು, ವರ್ಷ ತಪ್ಪದೆ.

ಅಮಾಸಿಯ ದಿನ ಒಲೆಯ ಮುಂದೆ ಕೂತ ಅವ್ವನಿಗೆ ಎಲ್ಲ ಹೇಳಿದಳು. ಅವ್ವ ಹೋಳಿಗೆ ಬೇಯಿಸುತ್ತಲೇ ಕೇಳಿದಳು. ಒಂದು ಸೀದು ಕಪ್ಪಾಯಿತು.

"ಇದ್ದಾನ?"

"ಇದ್ದಾನ. ಈ ಸಲ ಎಡಿ ಬ್ಯಾಡ ಬಿಡು ಯವ್ವಾ."

ಅವ್ವ ಎದ್ದಳು. ಎಲೆ ಹಾಸಿ ಅನ್ನ ಬಡಿಸಿದಳು, ಸೀದ ಹೋಳಿಗೆ ಇಟ್ಟಳು. ಮೂಲೆಗೊಯ್ದು ಇಟ್ಟು ಬಂದು, ಓಣಿಯ ಬಾಗಿಲು ಪೂರ್ತಿ ತೆರೆದಳು.

"ಹೆಸರ ಇನ್ನೊಮ್ಮಿ ಹೇಳು."

ಕರುಣಾ ಹೇಳಿದಳು.

"ಕಲ್ಯಾಣಪ್ಪಾ," ಅವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು, "ಬಾ, ಉಣ್ಣು."

ಆಮೇಲೆ ಆ ಎಲೆಯನ್ನು ಖಣಿಗೆ ಒಯ್ದು ಚೆಲ್ಲಿ ಬಂದವಳು ಕರುಣಾ.