ಹೆಣ್ಣೊಪ್ಪಿಸುವ ಪ್ಲೇಟಿನ ಸೇಡು

ನಾನು ಒಂದು ಹಾಡಿನ ಪ್ಲೇಟು. ಮೈಯೆಲ್ಲ ಕಪ್ಪು, ನಡುವೆ ಕೆಂಪು ಕಾಗದದ ದೊಡ್ಡ ಬೊಟ್ಟು. ಬಿಸಿ ಕರಿ ಮುದ್ದೆಯನ್ನು ಯಂತ್ರವೊಂದು ಎರಡು ಅಚ್ಚುಗಳ ನಡುವೆ ಅದುಮಿದಾಗ ಹುಟ್ಟಿದೆ. ಒಂದೇ ಏಟಿಗೆ ಮೈತುಂಬ ಗೆರೆ, ಗೆರೆತುಂಬ ಹಾಡು. ಮದುವೆಯ ಕೊನೆಗೆ ಮಗಳನ್ನು ಬೀಗರ ಕೈಗೊಪ್ಪಿಸುವಾಗ ಹಾಡುತ್ತಾರಲ್ಲ, ಆ ಹಾಡು ನನ್ನದು. ಕೇಳಿದವರು ಅಳದಿದ್ದರೆ ನನಗೆ ಅವಮಾನ. ಮೊದಲಿನಿಂದಲೂ ನನಗೆ ಜಂಬ ಜಾಸ್ತಿ, ಸಿಟ್ಟೂ ಜಾಸ್ತಿ.

ಗದಗಿನ ಸಾವಂತ್ರವ್ವ ಟೀಚರು ನನ್ನನ್ನು ಕೊಂಡರು. ಮದುವೆಯಾಗದೆ ತಮ್ಮ ಬಸಲಿಂಗನ ಮನೆಯಲ್ಲೇ ಇದ್ದವರು. ಸಂಬಳವಾದಾಗೊಂದು ಪ್ಲೇಟು ತರುವುದು ಅವರಿಗಿದ್ದ ಒಂದೇ ಚಟ. ಹೀಗೇ ಟ್ರಂಕು ತುಂಬಿತ್ತು. ತಮ್ಮನ ಮಗಳು ಪುಟ್ಟ ಸುಜಾತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಿನ್ನ ಮದುವಿಗೆ ಇದ ಪ್ಲೇಟ್ ಹಾಕ್ತೀನವ್ವಾ" ಎನ್ನುತ್ತಿದ್ದರು.

ಆಮೇಲೆ ಕ್ಯಾಸೆಟ್ಟು ಬಂತು. ಟೀಚರು ತರಬೇತಿಗೆಂದು ಧಾರವಾಡಕ್ಕೆ ಹೋದದ್ದೇ ತಡ, ಬಸಲಿಂಗ ಟ್ರಂಕನ್ನೇ ಎತ್ತಿ ಹೋಟೆಲಿನವನೊಬ್ಬನಿಗೆ ಮಾರಿದ. ನಾನು ಹೇಗೆ ಹಾಡುತ್ತೇನೆಂದು ತೋರಿಸಲು ಹೋಗಿ ಗ್ರಾಮಫೋನಿನ ಮುಳ್ಳನ್ನು ನನ್ನ ಮೈಮೇಲೆ ಅಡ್ಡಡ್ಡ ಎಳೆದ. ಆ ಗಾಯ ಇವತ್ತಿಗೂ ಮಾಸಿಲ್ಲ.

ಹೋಟೆಲಿನವನ ಹೆಂಡತಿಗೆ ಕರಕುಶಲದ ಹುಚ್ಚು. ಅವಳು ನನ್ನ ಜೊತೆಗಾರರನ್ನು ಒಬ್ಬೊಬ್ಬರಾಗಿ ಕುದಿಯುವ ನೀರಿನಲ್ಲಿ ಅದ್ದಿ, ಅಂಚು ಬಗ್ಗಿಸಿ, ಹೂವಿನ ಬಟ್ಟಲು ಮಾಡಿದಳು. ಭಜನೆಯೂ ಬಟ್ಟಲಾಯಿತು, ನಾಟಕದ ಹಾಡೂ ಬಟ್ಟಲಾಯಿತು. ನಾನು ಕಪಾಟಿನ ಹಿಂದೆ ಜಾರಿ ಬಚಾವಾದೆ. ಆ ದೂಳಿನಲ್ಲೇ ಶಪಥ ಮಾಡಿದೆ: ಬಸಲಿಂಗಾ, ನಾಲ್ಕು ಜನರ ಮುಂದೆ ನಿನ್ನ ಮಾನ ಕಳೆಯದಿದ್ದರೆ ನಾನು ಪ್ಲೇಟೇ ಅಲ್ಲ.

ಇತ್ತ ಟೀಚರು ಊರಿಗೆ ಬಂದು ಕೇಳಿದರೆ, "ಹಳೀ ಪ್ಲೇಟ್ ಈಗ ಯಾರ್ ಕೇಳ್ತಾರಕ್ಕಾ? ಜಾಗಾ ತಿಂತಿದ್ದುವು" ಎಂದನಂತೆ. ಅವರು ಬೈಯಲಿಲ್ಲ. ಎದುರಿಗೇ ಬೇರೆ ಮನೆ ಹಿಡಿದರು. ಮುಚ್ಚಿದ ಮೈಕ್‌ಸೆಟ್ ಅಂಗಡಿ, ಗುಜರಿ, ಸತ್ತವರ ಅಟ್ಟ, ಎಲ್ಲ ಜಾಲಾಡಿ ಕಳೆದುಹೋದ ಹಾಡುಗಳನ್ನು ಒಂದೊಂದಾಗಿ ಮತ್ತೆ ಕೂಡಿಸಿದರು. ಹೊಸದು ಸಿಕ್ಕಾಗಲೆಲ್ಲ ಕಿಟಕಿ ತೆರೆದು ಜೋರಾಗಿ ಹಾಕುತ್ತಿದ್ದರು. "ಕೇಳ್ಲಿ ಅಂವಾ. ಕೇಳಿ ಉರಕೊಳ್ಳಿ" ಎನ್ನುತ್ತಿದ್ದರಂತೆ.

ಹೋಟೆಲು ಮುಚ್ಚಿ ಸಾಮಾನು ಗುಜರಿಗೆ ಬಂದಾಗ ನಾನೂ ಅವರಿಗೆ ಸಿಕ್ಕೆ. ನನ್ನ ಗಾಯ ಸವರಿ ಅತ್ತರು. ಮನೆಯಲ್ಲಿ ಹಾಕಿದಾಗ ಅವರಿಗಾಗಿ ಹಲ್ಲು ಕಚ್ಚಿ ಆ ಗಾಯ ದಾಟಿ, ಹಾಡನ್ನು ಪೂರ್ತಿ ಹಾಡಿದೆ.

ಸುಜಾತಾಳ ಮದುವೆ ಕೂಡಿತು. ಸೋದರತ್ತೆ ಇಲ್ಲದೆ ಹೆಣ್ಣೊಪ್ಪಿಸುವುದು ಹೇಗೆ? ಬಸಲಿಂಗ ಬಾಗಿಲಿಗೆ ಬಂದ.

"ಅಕ್ಕಾ, ಹುಡುಗಿ ಹಟ ಹಿಡದಾಳ. ನೀ ಬರಬೇಕಂತ, ಆ ಪ್ಲೇಟೂ ಬೇಕಂತ."

"ಜಾಗಾ ತಿಂತೈತಲ್ಲೋ ಅದು?" ಎಂದರು ಟೀಚರು. ಆದರೂ ಹುಡುಗಿಗಾಗಿ ಹೋದರು.

ಹಂದರದಲ್ಲಿ ನನ್ನ ಮೊದಲ ನುಡಿಗೇ ಹೆಂಗಸರ ಸೆರಗು ಕಣ್ಣಿಗೆ ಹೋಯಿತು. ಬಸಲಿಂಗ ಮಗಳ ಕೈ ಹಿಡಿದು ಬೀಗರತ್ತ ಚಾಚಿದ. ಸರಿಯಾಗಿ ಆಗಲೇ ಗಾಯದ ಜಾಗ ಬಂತು. ನಾನು ಅಲ್ಲಿನ ಒಂದೇ ಮಾತಿಗೆ ನಿಂತುಬಿಟ್ಟೆ.

"ಕೊಡಲಾರೆ... ಕೊಡಲಾರೆ... ಕೊಡಲಾರೆ..."

"ಏನ್ರೀ ಬೀಗರ, ಹೆಣ್ಣ ಕೊಡಂಗಿಲ್ಲೇನು?" ಎಂದು ಬೀಗರ ಹಿರಿಯನೊಬ್ಬ ನಕ್ಕ. ಹಂದರಕ್ಕೆ ಹಂದರವೇ ನಕ್ಕಿತು. ಬಸಲಿಂಗ ಓಡಿಬಂದು, ಮುಳ್ಳು ಒತ್ತಿ ಹಿಡಿಯಲೆಂದು ಅದರ ತಲೆಯ ಮೇಲೆ ನಾಣ್ಯ ಇಟ್ಟ. ನಾನು ಜಪ್ಪಯ್ಯ ಅನ್ನಲಿಲ್ಲ. ಹಾಡು ಅರ್ಧಕ್ಕೆ ನಿಂತರೆ ಹೆಣ್ಣು ಹೊರಡಬಾರದು ಎಂಬುದು ಆ ಮನೆತನದ ಕಟ್ಟಳೆ.

"ಮುಂದಿಂದು ನೀನ ಹಾಡಪಾ" ಎಂದರು ಟೀಚರು. "ಮಗಳು ನಿನ್ನಾಕಿ."

ಬಸಲಿಂಗ ಬಾಯಿ ತೆರೆದ. ಒಂದು ಅಕ್ಷರವೂ ಹೊರಡಲಿಲ್ಲ. ಅವನ ಕಣ್ಣು ತುಂಬಿದವು. ಆಹಾ, ನನ್ನ ಹೊಟ್ಟೆ ತಣ್ಣಗಾಯಿತು!

ಆಗ ಸುಜಾತಾ "ಅತ್ತಿ" ಎಂದಳು, ಅಷ್ಟೇ.

ಟೀಚರು ನನ್ನ ಮೇಲಿನ ಮುಳ್ಳನ್ನು ಎತ್ತಿಟ್ಟರು. ನಾನು ಬಿಟ್ಟಲ್ಲಿಂದ ತಾವೇ ಹಾಡಿದರು. ವಯಸ್ಸಾದ ದನಿ, ಅಲ್ಲಲ್ಲಿ ಒಡೆಯಿತು. ನನ್ನ ಹಾಡಿಗೆ ಕಣ್ಣೊರೆಸಿಕೊಂಡಿದ್ದವರು ಅವರ ಹಾಡಿಗೆ ಬಿಕ್ಕಿ ಬಿಕ್ಕಿ ಅತ್ತರು. ಬಸಲಿಂಗ ಅಕ್ಕನ ಕಾಲಿಗೆ ಬಿದ್ದ. ಹಾಡು ಮುಗಿಯುವವರೆಗೂ ಅವರು ಅವನನ್ನು ಏಳಿಸಲಿಲ್ಲ.

ಈಗ ನಾನು ಟೀಚರ ಹೊಸ ಟ್ರಂಕಿನ ತಳದಲ್ಲಿದ್ದೇನೆ. ಓಣಿಯಲ್ಲಿ ಮದುವೆಯಾದರೆ ಟೀಚರನ್ನೇ ಕರೆದೊಯ್ಯುತ್ತಾರೆ. "ಪ್ಲೇಟ್ ಬ್ಯಾಡ್ರೀ ಅಕ್ಕಾರ, ನೀವ ಹಾಡ್ರಿ" ಎನ್ನುತ್ತಾರೆ. ಬಸಲಿಂಗ ನನ್ನನ್ನು ಮಾರಿದ್ದ, ಅಷ್ಟೇ. ಯಾರಿಗೂ ಬೇಡವಾಗುವಂತೆ ಮಾಡಿಕೊಂಡವನು ನಾನೇ.

ಆದರೂ ಇನ್ನೊಮ್ಮೆ ಅವನ ಮುಂದೆ ನನ್ನನ್ನು ಹಾಕಿ ನೋಡಿ. ಅಲ್ಲೇ ನಿಲ್ಲುತ್ತೇನೆ.